ಮೋರಿ ಅಂದರೆ ನಮ್ಮೂರಲ್ಲಿ ಚರಂಡಿ

ಬುಟ್ಟಿಯಲ್ಲಿ ನಾಲ್ಕಿದ್ದವು. ಒಂದೊಂದೂ ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದ. ಬೂದಿ ಬಣ್ಣದ ಬೆನ್ನು, ಸುಣ್ಣದ ಹೊಟ್ಟೆ, ಮೂತಿಯ ಅಡಿಯಲ್ಲಿ ಮುನಿಸಿಕೊಂಡ ಮಗುವಿನ ಹಾಗೆ ಕೆಳಬಾಗಿದ ಬಾಯಿ. ಮುರುಡೇಶ್ವರದ ದಡದಲ್ಲಿ ಆಗ ಬೆಳಗಿನ ಆರೂವರೆ. ಕಂದುಕಗಿರಿಯ 123 ಅಡಿಯ ಶಿವನ ಜಟೆಗೆ ತಾಕಿದ ಬಿಸಿಲು ಕೆಳಗಿನ ದೋಣಿಗಳಿಗೆ ಇನ್ನೂ ಇಳಿದಿರಲಿಲ್ಲ.

“ಇದೇನ್ರೀ ಅಮ್ಮಾ?” ಎಂದೆ.

“ಮೋರಿ. ತಾಟೆ ಅಂತಾರಲ್ಲ, ಅದೇಯ. ಬಾಣಂತಿಯರಿಗೆ ಒಳ್ಳೇದು. ಬೇಕಾ?”

ನಮ್ಮ ಕೊಟ್ಟೂರು ಸೀಮೆಯಲ್ಲಿ ಮೋರಿ ಎಂದರೆ ಚರಂಡಿ. ಅದನ್ನು ಬಾಣಂತಿಗೆ ತಿನ್ನಿಸುವುದು ಹೇಗೆ ಎಂದು ಯೋಚಿಸುತ್ತ ಅರೆಗಳಿಗೆ ನಿಂತೆ. ಆಮೇಲೆ ಹೊಳೆಯಿತು: ಕೊಂಕಣಿಯ ಮೋರಿ, ಕರಾವಳಿ ಕನ್ನಡದ ತಾಟೆ, ನಮ್ಮ ಶಾಲೆಯ ಪುಸ್ತಕದ ಶಾರ್ಕ್, ಮೂರೂ ಒಂದೇ. ಯಾವ ಪ್ರಾಣಿಗೆ ಹೆದರಿ ರಾತ್ರಿಯೆಲ್ಲ ಲಾಡ್ಜಿನಲ್ಲಿ ಹೊರಳಾಡಿದ್ದೆನೋ ಅದು ಬೆಳಗಾಗುವುದರೊಳಗೆ ಬುಟ್ಟಿಯಲ್ಲಿ ಬಿದ್ದು, ದರಕ್ಕೆ ಕಾದಿತ್ತು.

ಮುಟ್ಟಬಹುದೇ ಎಂದು ಕೇಳಿದೆ. ಆಕೆ ನಕ್ಕು ಒಂದನ್ನು ಎತ್ತಿಕೊಟ್ಟಳು. ತಲೆಯಿಂದ ಬಾಲದ ಕಡೆ ಸವರಿದರೆ ಸೋರೆಬುರುಡೆಯ ನುಣುಪು. ಬಾಲದಿಂದ ತಲೆಯ ಕಡೆ ಸವರಿದೆ, ಬಡಗಿಯ ಮರಳು ಕಾಗದದ ಮೇಲೆ ಬೆರಳು ಉಜ್ಜಿದಂತಾಯಿತು. ಅದರ ಮೈಮೇಲಿನ ಹುರುಪೆಗಳು ಕೂಡ ಹಲ್ಲಿನ ಜಾತಿಯವೇ. ಒಳಗೆ ತಿರುಳು, ಅದರ ಮೇಲೆ ದಂತ, ಎಲ್ಲಕ್ಕಿಂತ ಹೊರಗೆ ಗಾಜಿನಂಥ ಲೇಪ. ಒಟ್ಟಿನಲ್ಲಿ ಮೈತುಂಬ ಹಲ್ಲಿರುವ ಪ್ರಾಣಿ. ಹೆಬ್ಬೆರಳು ಸ್ವಲ್ಪ ತರಚಿತು. ಆ ಪ್ರವಾಸದಲ್ಲಿ ಶಾರ್ಕ್‌ನಿಂದ ನನಗಾದ ಗಾಯ ಅದೊಂದೇ, ಅದೂ ಸತ್ತ ಶಾರ್ಕ್‌ನಿಂದ.

ಬಯಲುಸೀಮೆಯವನಿಗೆ ಸಮುದ್ರದ ತಳದಲ್ಲಿ ಏನು ಕೆಲಸ ಎಂದು ಮನೆಯಲ್ಲಿ ಎಲ್ಲರೂ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕಿನಲ್ಲಿ ನೀರು ಎಂದರೆ ಕಾಯುವ ವಸ್ತು. ಕೆರೆ ತುಂಬಿದರೆ ಅದು ಪತ್ರಿಕೆಯ ಸುದ್ದಿ. ಹಡಗಲಿಯವರಿಗೆ ತುಂಗಭದ್ರೆಯ ದಂಡೆಯಿದೆ. ತಮ್ಮೂರ ಹೂವು ಹೊಳೆಯ ಮೇಲೆ ಹಂಪಿಗೆ ಹೋಗುತ್ತಿತ್ತು, ಊರಿನ ಹೆಸರಲ್ಲೇ ಹಡಗಿದೆ ಎಂದು ಅವರು ಹೆಮ್ಮೆಯಿಂದ ಹೇಳುತ್ತಾರೆ. ಹಗರಿಬೊಮ್ಮನಹಳ್ಳಿಯವರಿಗೆ ಅಂಕಸಮುದ್ರವಿದೆ. ಹೆಸರಿಗೆ ಸಮುದ್ರ, ಆದರೆ ಕೆರೆ. ಮುಳುಗಿದ ಜಾಲಿಮರಗಳ ಮೇಲೆ ಸಾವಿರಾರು ಕೊಕ್ಕರೆ ಕೂರುವ ಆ ಕೆರೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು. ನಮ್ಮ ಪಾಲಿಗೆ ಇದ್ದದ್ದು ಬಾವಿ.

ನಾನು ಈಸು ಕಲಿತದ್ದು ಊರ ಹೊರಗಿನ ಕಲ್ಲುಕಟ್ಟಡದ ಬಾವಿಯಲ್ಲಿ. ಬೆನ್ನಿಗೆ ಕತ್ತಾಳೆಯ ಬೆಂಡು ಕಟ್ಟಿ ಮೇಲಿನಿಂದ ನೂಕುತ್ತಿದ್ದರು. ಅದೇ ಪಾಠ, ಅದೇ ಪರೀಕ್ಷೆ. ಬೆಂಡು ಬಿಟ್ಟ ಮೇಲೆ ದೊಡ್ಡ ಹುಡುಗರ ಪಂದ್ಯ ಶುರುವಾಗುತ್ತಿತ್ತು. ತಳಕ್ಕೆ ಮುಳುಗಿ ಒಂದು ಮುಷ್ಟಿ ರಾಡಿ ತರಬೇಕು. ತಂದವನು ಗಂಡು, ತರದವನಿಗೆ ಆ ದಿನ ಮಂಡಕ್ಕಿಯಲ್ಲಿ ಪಾಲಿಲ್ಲ. ಪಾತಾಳಗರಡಿಗೂ ಸಿಗದ ಕೊಡಗಳನ್ನು ಮುಳುಗಿ ತರುವವನು ಓಣಿಗೊಬ್ಬನಂತೆ ಇರುತ್ತಿದ್ದ. ಅವನು ಕಲಿಸಿದ್ದು ಒಂದೇ ಸೂತ್ರ: “ಉಸುರು ಕಟ್ಟಲೇ. ಬಿಟ್ರ ಹೋದಿ.”

ಕಲ್ಲಿನ ಸಂದಿಯಲ್ಲಿ ನೀರೊಳ್ಳೆ ಹಾವು ಇರುತ್ತಿತ್ತು. ವಿಷವಿಲ್ಲದ ಬಡಪಾಯಿ. ನಾವೆಲ್ಲ ಹೆದರುತ್ತಿದ್ದದ್ದು ಅದಕ್ಕೆ. ಬಾವಿಗೆ ಹೆದರಿದ ನೆನಪಿಲ್ಲ.

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್. ದೋಣಿ ಒಂದೂಕಾಲು ಗಂಟೆ ಕುಲುಕಿತು. ಹಿಂದಿನ ಸಂಜೆ ತಿಂದ ಮಿರ್ಚಿ ಎರಡು ಬಾರಿ ಗಂಟಲವರೆಗೆ ಬಂದು ಮಾತಾಡಿಸಿ ಹೋಯಿತು. ದ್ವೀಪದಲ್ಲಿ ಮನೆಯಿಲ್ಲ, ಮಠವಿಲ್ಲ, ಕಡಿದಾದ ಬಂಡೆ, ಅದರ ನೆತ್ತಿಯ ಮೇಲೆ ಕಾಡು, ಕಾಡಿನ ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು. ಮೇಲಿನಿಂದ ನೋಡಿದರೆ ಹೃದಯದ ಆಕಾರವಂತೆ. ಕೆಳಗಿನಿಂದ ನೋಡಿದರೆ ನಮ್ಮ ಗುಡೇಕೋಟೆಯ ಗುಂಡುಗಲ್ಲುಗಳನ್ನು ಯಾರೋ ತಂದು ನೀರಿಗೆ ಸುರಿದ ಹಾಗಿದೆ. ಪಾರಿವಾಳದ ದ್ವೀಪ ಎಂದು ಹಳೆಯ ಹೆಸರು. ನೌಕಾಪಡೆ ಗುಂಡಿನ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ಈ ಕಲ್ಲಿನ ಸುತ್ತಲೇ ಕರ್ನಾಟಕದ ಒಳ್ಳೆಯ ಹವಳದ ತಾಣವೂ ಇದೆ.

ದೋಣಿಯಲ್ಲಿ ಸ್ಕೂಬಾ ಮುಳುಗಿಗೆ ಬಂದ ನಾವು ಆರು ಜನ ಹೊಸಬರು. ಕಲಿಸುವ ಹುಡುಗ ಭಟ್ಕಳದ ಕಡೆಯವನು, ಬಿಸಿಲಿಗೆ ಕೂದಲು ಕೆಂಚಾಗಿತ್ತು. ಬೆಂಗಳೂರಿನ ಗುಂಪಿನ ಹೆಣ್ಣುಮಗಳೊಬ್ಬಳು ಮೊದಲ ಪ್ರಶ್ನೆ ಕೇಳಿದಳು, ನಮ್ಮೆಲ್ಲರ ಪರವಾಗಿ: “ಇಲ್ಲಿ ಶಾರ್ಕ್ ಇದ್ಯಾ?”

“ಇದೆ ಮೇಡಂ. ನಿಮ್ಮ ನಸೀಬು ಚೆನ್ನಾಗಿದ್ರೆ ಕಾಣ್ತದೆ.” ಆಮೇಲೆ ಸಿಲಿಂಡರಿನ ನಲ್ಲಿ ತಿರುಗಿಸುತ್ತ, “ಎಲ್ಲರೂ ಶಾರ್ಕ್ ಕಚ್ತದಾ ಅಂತ ಕೇಳ್ತಾರೆ. ಇದ್ರಲ್ಲಿ ಗಾಳಿ ಎಷ್ಟಿದೆ ಅಂತ ಕೇಳಿದವರು ಒಬ್ಬರೂ ಇಲ್ಲ” ಎಂದ.

ಕೇಳಿದೆವು. 200 ಬಾರ್. 50ಕ್ಕೆ ಬರುವುದರೊಳಗೆ ಮೇಲಿರಬೇಕು.

ಅವನು ಹೇಳಿದ ಮೊದಲ ನಿಯಮ ನನ್ನ ಬಾವಿಯ ವಿದ್ಯೆಯನ್ನು ತಲೆಕೆಳಗು ಮಾಡಿತು. ಉಸಿರು ಕಟ್ಟಬೇಡಿ. ಯಾವತ್ತೂ, ಯಾವ ಕಾರಣಕ್ಕೂ. ಹತ್ತು ಮೀಟರು ಇಳಿದರೆ ನೀರಿನ ಭಾರ ಇನ್ನೊಂದು ವಾತಾವರಣದಷ್ಟು ಕೂಡುತ್ತದೆ. ಅಲ್ಲಿ ಎಳೆದುಕೊಂಡ ಒಂದು ಉಸಿರಿನಲ್ಲಿ ದಂಡೆಯ ಮೇಲಿನ ಎರಡು ಉಸಿರಿನ ಗಾಳಿ ಇರುತ್ತದೆ. ಅದನ್ನು ಎದೆಯಲ್ಲಿ ಬಂಧಿಸಿ ಗಾಬರಿಯಿಂದ ಮೇಲೆ ಚಿಮ್ಮಿದರೆ ಗಾಳಿ ಹಿಗ್ಗುತ್ತದೆ, ಶ್ವಾಸಕೋಶ ಹರಿಯುತ್ತದೆ, ಗುಳ್ಳೆ ರಕ್ತಕ್ಕೆ ನುಗ್ಗಿ ಮಿದುಳಿನ ದಾರಿ ಹಿಡಿಯಬಹುದು. ಬಾವಿಯಲ್ಲಿ ನಾವು ತೆಗೆದುಕೊಂಡು ಹೋಗುತ್ತಿದ್ದದ್ದು ದಂಡೆಯ ಗಾಳಿ. ಅದು ಕೆಳಗೆ ಕುಗ್ಗಿ, ಮೇಲೆ ಬಂದಾಗ ತನ್ನ ಅಳತೆಗೆ ಮರಳುತ್ತಿತ್ತು. ಹಾಗಾಗಿ ಕಟ್ಟಿದರೂ ನಡೆಯುತ್ತಿತ್ತು. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗ್ಯಾನ್ಯಾನ್ ಬೇಡಿದಾಗ ಬೇಡಿದಷ್ಟೇ ಗಾಳಿ ಕೊಡುವ ಕವಾಟ ರೂಪಿಸಿದ ಮೇಲೆ ಮನುಷ್ಯ ತಳದಲ್ಲಿ ಸಲೀಸಾಗಿ ಉಸಿರಾಡುವಂತಾದ. ಅಪಾಯವೂ ಜೊತೆಗೇ ಬಂತು.

ಆಮೇಲೆ ಕೈಸನ್ನೆ. ಹೆಬ್ಬೆರಳು ಮೇಲೆತ್ತಿದರೆ ‘ಭಲೇ’ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ. ಕೊನೆಗೆ ಅಂಗೈಯನ್ನು ನೆಟ್ಟಗೆ ಮಾಡಿ ಹಣೆಗೆ ಆನಿಸಿ ತೋರಿಸಿದ, ತಲೆಯ ಮೇಲೊಂದು ರೆಕ್ಕೆ ಮೂಡಿದ ಹಾಗೆ. “ಶಾರ್ಕ್. ಇದು ತೋರಿಸಿದ್ರೆ ನೋಡಿ. ಓಡಬೇಡಿ.”

ನೀರಿನಲ್ಲಿ ಓಡುವುದು ಎಲ್ಲಿಗೆ?

ಈ ಮಾತನ್ನು ನಾನು ಹಿಂದೆ ಕೇಳಿದ್ದೆ, ಒಣನೆಲದಲ್ಲಿ. ನಮ್ಮ ಸೋದರಮಾವನ ಹೊಲ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಡೆ, ಕರಡಿಧಾಮದ ಅಂಚಿಗೆ. ದರೋಜಿಯ ಧಾಮ 1994ರದು, ಹೆಸರಾದದ್ದು. ಅಲ್ಲಿ ಬಂಡೆಗೆ ಬೆಲ್ಲದ ಪಾಕ ಸವರಿ ಕರಡಿ ಕರೆಯುತ್ತಾರೆ, ಜನ ದುರ್ಬೀನು ಹಿಡಿದು ನೋಡುತ್ತಾರೆ. ಗುಡೇಕೋಟೆಯ ಕರಡಿಗೆ ಆ ಮರ್ಯಾದೆಯಿಲ್ಲ. ಅದು ಕಾರೆ, ಬಾರೆ, ಸೀತಾಫಲ, ಗೆದ್ದಲು ಹುಡುಕುತ್ತ ಬಂದು ಶೇಂಗಾ ಹೊಲಕ್ಕೂ ಇಳಿಯುತ್ತದೆ. ಕಣ್ಣು ಮಂದ. ಹುತ್ತಕ್ಕೆ ಮೂತಿಯಿಟ್ಟು ಗೆದ್ದಲು ಹೀರುವಾಗ ತನ್ನ ಸದ್ದಿನಲ್ಲಿ ತಾನೇ ಮುಳುಗಿರುತ್ತದೆ. ಆಗ ಮನುಷ್ಯ ಹತ್ತು ಹೆಜ್ಜೆಯಲ್ಲಿ ದಿಢೀರನೆ ಎದುರಾದರೆ ಬೆಚ್ಚಿ ಎದ್ದು ನಿಂತು ಮುಖಕ್ಕೇ ಕೈಹಾಕುತ್ತದೆ. ಹಾಗಾದವರ ಮುಖ ನೋಡಿದವನು ಕರಡಿಯ ಮೇಲೆ ತಮಾಷೆ ಮಾಡಲಾರ. ಮಾವ ರಾತ್ರಿ ಹೊಲಕ್ಕೆ ಹೋಗುವಾಗ ಬಡಿಗೆಯ ತುದಿಗೆ ಎತ್ತಿನ ಹಳೆಯ ಗೆಜ್ಜೆ ಕಟ್ಟಿಕೊಳ್ಳುತ್ತಾನೆ. “ನಾನು ಬರಾಕತ್ತೀನಿ ಅಂತ ಅದಕ್ಕ ಮೊದ್ಲ ಗೊತ್ತಾಗ್ಬೇಕು ಅಳಿಯಾ. ಗೊತ್ತಾದ್ರ ಅದ ದಾರಿ ಬಿಡ್ತೈತಿ.”

ನೀರಿನೊಳಗೆ ಆ ಗೆಜ್ಜೆಯ ಕೆಲಸ ಮಾಡುವುದು ನಮ್ಮ ಗುಳ್ಳೆ. ಬಾಯಿಂದ ಬುಡುಬುಡು ಏಳುವ ಗುಳ್ಳೆಗಳ ಗದ್ದಲಕ್ಕೆ ಹವಳದ ಬಂಡೆಯ ಶಾರ್ಕ್‌ಗಳು ದೂರ ಸರಿಯುವುದೇ ಹೆಚ್ಚು. ಕಿವಿಯಷ್ಟೇ ಅಲ್ಲ. ಮೈಯುದ್ದಕ್ಕೂ ನೀರಿನ ಅಲುಗಾಟವನ್ನು ಅಳೆಯುವ ಒಂದು ಗೆರೆ, ಮೂತಿಯ ತುಂಬ ಚಿಕ್ಕ ಚಿಕ್ಕ ತೂತುಗಳಲ್ಲಿ ಲೋಳೆ. ಇಟಲಿಯ ಸ್ಟೆಫಾನೊ ಲೊರೆಂಜಿನಿ 1678ರಲ್ಲೇ ಈ ತೂತುಗಳನ್ನು ವಿವರಿಸಿದ್ದ. ಅವು ಎದುರಿನ ಜೀವದ ಸ್ನಾಯು ಮಿಡಿದಾಗ ಹುಟ್ಟುವ ವಿದ್ಯುತ್ತನ್ನು ಹಿಡಿಯುತ್ತವೆ ಎಂದು ಗೊತ್ತಾಗಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಕತ್ತಲಲ್ಲಿ, ಮರಳಿನಡಿ ಅಡಗಿದ ಮೀನೂ ಅದಕ್ಕೆ ಗೊತ್ತಾಗುತ್ತದೆ. ಇಂಥದ್ದಕ್ಕೆ ನಾವು ದಿಢೀರನೆ ಎದುರಾಗುವುದು ಕಷ್ಟ. ಅದು ನಮ್ಮನ್ನು ನೋಡಿ ತೀರ್ಮಾನಿಸಿ ಹೋದ ಮೇಲೆ ಬಹುಪಾಲು ನಮಗೆ ಸುದ್ದಿ.

ಕಚ್ಚುವುದೇ ಇಲ್ಲ ಎಂದಲ್ಲ. ಅಮೆರಿಕದ ಫ್ಲಾರಿಡಾದ ವಿಶ್ವವಿದ್ಯಾಲಯವೊಂದರ ವಸ್ತುಸಂಗ್ರಹಾಲಯ ಜಗತ್ತಿನ ಶಾರ್ಕ್ ಕಡಿತಗಳ ಕಡತ ಇಟ್ಟಿದೆ. ಅದು ಮೊದಲು ಕೇಳುವುದು, ಯಾರು ಯಾರನ್ನು ಕೆಣಕಿದರು ಎಂದು. ಈಟಿ ಹಿಡಿದು ಮೀನು ಚುಚ್ಚುತ್ತಿದ್ದವನು, ಬಲೆಯಿಂದ ಬಿಡಿಸುತ್ತಿದ್ದವನು, ಬಾಲ ಹಿಡಿದು ಫೋಟೊ ತೆಗೆಸಿಕೊಳ್ಳ ಹೋದವನು, ಇವರದ್ದೆಲ್ಲ ಬೇರೆ ಲೆಕ್ಕ. ಕೆಣಕದೆ ಕಚ್ಚಿಸಿಕೊಂಡವರು 2023ರಲ್ಲಿ ಇಡೀ ಜಗತ್ತಿನಲ್ಲಿ 69, ಅದರಲ್ಲಿ ಸತ್ತವರು 10. 2024ರಲ್ಲಿ 47 ಮತ್ತು 4. ಅವರಲ್ಲಿ ಹೆಚ್ಚಿನವರು ಅಲೆಯ ಮೇಲೆ ಹಲಗೆ ಹತ್ತಿದವರು, ದಂಡೆಯ ಬಳಿ ಈಸುವವರು. ಸ್ಕೂಬಾದವರ ಪಾಲು ತೀರ ಸಣ್ಣದು. ಮೇಲೆ ಕೈಕಾಲು ಬಡಿಯುವವನು ಕೆಳಗಿನಿಂದ ನೋಡುವ ಕಣ್ಣಿಗೆ ಒದ್ದಾಡುವ ಒಂದು ನೆರಳು. ಸ್ಕೂಬಾದವನು ಅದರ ಸಮಕ್ಕೇ ಇಳಿದಿರುತ್ತಾನೆ, ಕಣ್ಣಿಗೆ ಕಣ್ಣು ಕೊಡುತ್ತಾನೆ.

ನಮ್ಮ ಹತ್ತಿರದ ಘಟನೆ ಎಂದರೆ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯದು. 2024ರ ಫೆಬ್ರವರಿಯಲ್ಲಿ ಮನೋರ್ ಬಳಿ ವೈತರಣಾ ನದಿಯಲ್ಲಿ ಮೀನು ಹಿಡಿಯಲು ಹೋದವನೊಬ್ಬನ ಕಾಲನ್ನು ಶಾರ್ಕ್ ಹರಿಯಿತು. ನದಿಯಲ್ಲಿ! ಬುಲ್ ಶಾರ್ಕ್ ಎಂಬ ಜಾತಿಗೆ ಸಿಹಿನೀರೂ ಒಗ್ಗುತ್ತದೆ, ಅಳಿವೆಯಿಂದ ಒಳಕ್ಕೆ ಏರಿ ಬರುತ್ತದೆ. ಈ ಸುದ್ದಿ ಓದಿ ಹಡಗಲಿಯ ಗೆಳೆಯನೊಬ್ಬ ತುಂಗಭದ್ರೆಯ ಬಗ್ಗೆ ಚಿಂತೆ ತೋಡಿಕೊಂಡಿದ್ದ. ಬಂಗಾಳ ಕೊಲ್ಲಿಯಿಂದ ಹೊರಟ ಶಾರ್ಕ್ ಕೃಷ್ಣೆಯಲ್ಲಿ ನಾಗಾರ್ಜುನಸಾಗರ ಹತ್ತಿ, ಶ್ರೀಶೈಲ ಹತ್ತಿ, ಹೊಸಪೇಟೆಯ ಅಣೆಕಟ್ಟನ್ನೂ ಹತ್ತಿ ಅವರ ಸೀಮೆಯ ಮದಲಗಟ್ಟಿಗೆ ಬಂದರೆ ಅದನ್ನು ಸನ್ಮಾನ ಮಾಡಿ ಕಳಿಸೋಣ ಎಂದೆ. ಆ ಹೊಳೆಯಲ್ಲಿ ಚಿಂತೆ ಮಾಡಬೇಕಾದ್ದು ಮೊಸಳೆಯ ಬಗ್ಗೆ, ಅದಕ್ಕಿಂತಲೂ ಮರಳು ಎತ್ತಿದ ಗುಂಡಿಗಳ ಬಗ್ಗೆ.

ಬೆನ್ನಡಿಯಾಗಿ ದೋಣಿಯಿಂದ ಉರುಳಿದೆ. ತಲೆ, ಕಾಲು, ಆಕಾಶ ಎಲ್ಲ ಕಲಸಿ ಹೋಗಿ ಮತ್ತೆ ಕೂಡಿಕೊಂಡವು. ಹುಡುಗ ನನ್ನ ಬೆನ್ನಿನ ಪಟ್ಟಿ ಹಿಡಿದಿದ್ದ. ಎರಡು ಮೀಟರಿಗೇ ಕಿವಿ ಚುಚ್ಚಿತು; ಮೂಗು ಒತ್ತಿ ಹಿಡಿದು ಮೆತ್ತಗೆ ಊದಿದರೆ ಒಳಗೆ ‘ಟಕ್’ ಎಂದು ಬಾಗಿಲು ತೆರೆಯುತ್ತದೆ. ಮತ್ತೆ ಇಳಿ, ಮತ್ತೆ ಊದು. ಬಾವಿಯ ನೀರು ಹಸಿರು, ಕೈ ಚಾಚಿದರೆ ಕೈ ಕಾಣದು. ಇಲ್ಲಿ ನೀಲಿಯೊಳಗೆ ಹತ್ತು ಹನ್ನೆರಡು ಮೀಟರಿನವರೆಗೆ ಎಲ್ಲವೂ ನಿಚ್ಚಳ, ಆಮೇಲೆ ಪರದೆ. ಕೆಂಪು ಬಣ್ಣ ಮಾತ್ರ ಇಳಿದಂತೆ ಸಾಯುತ್ತದೆ: ನನ್ನ ಕೈಯ ಕೆಂಪು ದಾರ, ತೇರಿನ ದಿನ ಕಟ್ಟಿದ್ದು, ಮಸಿಯ ಬಣ್ಣಕ್ಕೆ ತಿರುಗಿತ್ತು.

ಮೌನವಿರುತ್ತದೆ ಎಂದುಕೊಂಡಿದ್ದೆ. ಇಲ್ಲ. ಶೇಂಗಾ ಸುಲಿಯುವ ಹಾಗೆ ಎಲ್ಲೆಡೆಯಿಂದ ಕಟಕಟ, ಪಟಪಟ. ಗಿಣಿಮೀನುಗಳು ತಮ್ಮ ಕೊಕ್ಕಿನಂಥ ಬಾಯಿಂದ ಹವಳದ ಬಂಡೆ ಕೆರೆದು ಮೇಯುತ್ತಿದ್ದವು. ಕಲ್ಲಿನ ಸಂದಿಯಲ್ಲಿ ಕಪ್ಪು ಮುಳ್ಳುಚೆಂಡುಗಳು. ಒಂದು ಬಂಡೆಯ ಮಗ್ಗುಲಲ್ಲಿ ಕಲ್ಲಿನದೇ ಬಣ್ಣದ ಚೇಳುಮೀನು ಬಿದ್ದುಕೊಂಡಿತ್ತು. ಹುಡುಗ ತೋರಿಸದಿದ್ದರೆ ನಾನು ಅದರ ಮೇಲೇ ಕೈಯೂರುತ್ತಿದ್ದೆ. ಅದರ ಬೆನ್ನ ಮುಳ್ಳಿನಲ್ಲಿ ನಿಜವಾದ ವಿಷವಿದೆ. ಅದಕ್ಕೆ ಸಿನಿಮಾ ಮಾಡಿದವರಿಲ್ಲ.

ಆಗ ಹುಡುಗನ ಅಂಗೈ ಹಣೆಗೆ ಹೋಯಿತು.

ಪರದೆಯಂಚಿನಲ್ಲಿ, ನೀಲಿ ಬೂದಿಯಾಗುವ ಕಡೆ, ಒಂದು ಗೆರೆ ಬಾಗಿತು. ಮೊದಲು ಬಾಲ ಅನ್ನಿಸಲಿಲ್ಲ. ಆಮೇಲೆ ಬೆನ್ನಿನ ರೆಕ್ಕೆ, ಅದರ ತುದಿಗೆ ಕಾಡಿಗೆ ಅದ್ದಿ ಒತ್ತಿದ ಹಾಗೆ ಕಪ್ಪು ಚುಕ್ಕೆ. ಕರಿತುದಿಯ ಹವಳಶಾರ್ಕ್. ಬೆಳೆದರೂ ಮನುಷ್ಯನ ಉದ್ದ ಮೀರುವುದು ಅಪರೂಪ. ಈ ಜಾತಿ ಕಚ್ಚಿದ ದಾಖಲೆಗಳಲ್ಲಿ ಮೊಣಕಾಲು ನೀರಲ್ಲಿ ನಡೆಯುತ್ತಿದ್ದವರ ಪಾದ, ಮೀನಖಂಡಗಳೇ ಜಾಸ್ತಿ. ಎತ್ತು ಹೊರಳಿ ನೋಡುವಂತೆ ಅರ್ಧ ಮೈ ತಿರುಗಿಸಿತು. ಈಜುತ್ತಿದೆ ಎನ್ನುವುದಕ್ಕಿಂತ ನೀರೇ ಅದನ್ನು ದಾಟಿಸುತ್ತಿದೆ ಅನ್ನಿಸಿತು. ನಾಲ್ಕೈದು ಸೆಕೆಂಡು. ಬೆನ್ನು ಡೊಂಕಾಗಿರಲಿಲ್ಲ, ಎದೆಯ ರೆಕ್ಕೆಗಳು ಕೆಳಕ್ಕೆ ಇಳಿದಿರಲಿಲ್ಲ. ಇವೆರಡನ್ನೂ ನೋಡಿಕೊಳ್ಳಬೇಕೆಂದು ನಾನು ಓದಿಕೊಂಡು ಹೋಗಿದ್ದೆ. ಅಟ್ಟಿಸಿ ಮೂಲೆಗೊತ್ತಿದಾಗ ಬೂದು ಹವಳಶಾರ್ಕ್ ಹೀಗೆ ಮೈ ಬಾಗಿಸಿ, ತಲೆಯನ್ನು ಅತ್ತಿತ್ತ ತೂಗಿ ಎಚ್ಚರಿಕೆ ಕೊಡುತ್ತದೆ ಎಂದು ಜಾನ್ಸನ್ ಮತ್ತು ನೆಲ್ಸನ್ ಎಂಬ ಸಂಶೋಧಕರು 1973ರಲ್ಲಿ ಬರೆದರು. ಕರಡಿ ಹಿಂಗಾಲ ಮೇಲೆ ಏಳುವ ಹಾಗೆ. ಅದನ್ನು ಕಂಡವನು ಬೆನ್ನು ತೋರಿಸದೆ, ಕೈ ಬಡಿಯದೆ, ಅದಕ್ಕೆ ಹೊರದಾರಿ ಬಿಟ್ಟು ಮೆಲ್ಲಗೆ ಹಿಂದೆ ಸರಿಯಬೇಕು.

ನನ್ನದರಲ್ಲಿ ಅಂಥದ್ದೇನೂ ಇರಲಿಲ್ಲ. ಅದು ಹೋಯಿತು. ಪರದೆ ಮುಚ್ಚಿಕೊಂಡಿತು.

ಹುಡುಗ ನನ್ನ ಭುಜ ತಟ್ಟಿ ಗಾಳಿಯ ಮಾಪಕವನ್ನು ಕಣ್ಣ ಮುಂದೆ ಹಿಡಿದ. ಸ್ವಲ್ಪ ಮೊದಲು ನೋಡಿದಾಗ 120 ಇತ್ತು. ಈಗ 90. ನಾಲ್ಕು ಸೆಕೆಂಡಿನ ಮೀನಿಗಾಗಿ ಅದಾದ ಮೇಲಿನ ಎರಡು ಮೂರು ನಿಮಿಷ ನಾನು ತಿದಿಯೊತ್ತಿದ ಹಾಗೆ ಉಸಿರೆಳೆದಿದ್ದೆ. ಹತ್ತು ಮೀಟರಿನಲ್ಲಿ ಪ್ರತಿ ಉಸಿರಿಗೆ ಎರಡರ ಬೆಲೆ. ಶಾರ್ಕ್ ನನ್ನಿಂದ ತೆಗೆದುಕೊಂಡದ್ದು 30 ಬಾರ್ ಗಾಳಿ. ಅದನ್ನೂ ನಾನೇ ಕೊಟ್ಟಿದ್ದೆ. ಹುಡುಗ ಅಂಗೈಯನ್ನು ಎದೆಯ ಮುಂದೆ ನಿಧಾನವಾಗಿ ಏರಿಸಿ ಇಳಿಸಿದ, ಕೂಸನ್ನು ಮಲಗಿಸುವ ಹಾಗೆ. ನಾನೂ ಹಾಗೇ ಎಳೆದು ಬಿಟ್ಟೆ. ಹೆಬ್ಬೆರಳು ಮೇಲಾಯಿತು.

ಮನೆಗೆ ಬಂದ ಮೇಲೆ ಒಂದು ಅಧ್ಯಯನ ಓದಿದೆ. 1992ರಿಂದ 2003ರವರೆಗೆ ಹವ್ಯಾಸಿ ಸ್ಕೂಬಾದಲ್ಲಿ ಸತ್ತ 947 ಜನರ ದಾಖಲೆ ಜಾಲಾಡಿ ಡೆನೊಬಲ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ್ದು. ಎಡವಟ್ಟು ಎಲ್ಲಿ ಶುರುವಾಯಿತೆಂದು ಪತ್ತೆಯಾದ ಪ್ರಕರಣಗಳಲ್ಲಿ ಶೇ 41 ಸಿಲಿಂಡರಿನಲ್ಲಿ ಗಾಳಿ ಸಾಲದ್ದು, ಶೇ 20 ಎಲ್ಲೋ ಸಿಕ್ಕಿಕೊಂಡದ್ದು, ಶೇ 15 ಸಲಕರಣೆಯ ತೊಂದರೆ. ಗಾಳಿ ಮುಗಿಯಿತೆಂದು ಮೇಲಕ್ಕೆ ಚಿಮ್ಮಿ ಎದೆ ಹರಿದುಕೊಂಡವರು ಬಹಳ. ನೀರೊಳ್ಳೆಗೆ ಹೆದರಿ ಬಾವಿಯನ್ನು ಮರೆತ ನಮ್ಮ ಹುಡುಗ ಸೈನ್ಯವೆಲ್ಲ ಆ ಪುಟದಲ್ಲಿ ಕಂಡಂತಾಯಿತು.

ಅತ್ತ ಲೆಕ್ಕವೂ ಇದೆ. ಮನುಷ್ಯ ವರ್ಷಕ್ಕೆ ಸುಮಾರು 10 ಕೋಟಿ ಶಾರ್ಕ್ ಕೊಲ್ಲುತ್ತಾನೆಂದು 2013ರ ಒಂದು ಅಂದಾಜು. ಭಾರತ 2001ರಲ್ಲಿ ತಿಮಿಂಗಿಲ ಶಾರ್ಕ್‌ಗೆ ಹುಲಿಯ ಸಮದ ರಕ್ಷಣೆ ಕೊಟ್ಟಿತು, 2015ರಲ್ಲಿ ರೆಕ್ಕೆಯ ರಫ್ತು ನಿಲ್ಲಿಸಿತು. ಬುಟ್ಟಿಯ ನಾಲ್ಕು ಮರಿಗಳು ಕಾನೂನಿನ ರಕ್ಷಣೆ ಇರುವ ಜಾತಿಯವೋ ಅಲ್ಲವೋ, ನನಗೆ ಗುರುತಿಸುವ ವಿದ್ಯೆಯಿಲ್ಲ. ಆಕೆಗೆ ದಿನದ ದುಡಿಮೆ. ನಾವು ದಡಕ್ಕೆ ಮರಳುವಷ್ಟರಲ್ಲಿ ಬುಟ್ಟಿ ಖಾಲಿಯಾಗಿತ್ತು.

ಸಂಜೆಯೇ ಹೊರಡುತ್ತೇನೆಂದಾಗ ಹುಡುಗ ತಡೆದ. ಊರು ಯಾವ ಎತ್ತರದಲ್ಲಿದೆ ಎಂದು ಕೇಳಿದ. ನಮ್ಮ ಸೀಮೆ ಸಮುದ್ರದಿಂದ ಐನೂರು ಆರುನೂರು ಮೀಟರ್ ಮೇಲೆ. ಗೇರುಸೊಪ್ಪೆಯ ಘಾಟಿ ಹತ್ತಿಯೇ ಹೋಗಬೇಕು. ವಿಮಾನಕ್ಕೆ ಒಂದು ಮುಳುಗಿಗೆ 12 ಗಂಟೆ, ಹಲವಕ್ಕೆ 18 ಗಂಟೆ ಕಾಯುವ ಪದ್ಧತಿ ಇದೆ, ಎತ್ತರದ ಘಾಟಿಗೂ ಅದೇ ವಿವೇಕ ಎಂದ. ಒಳಗೆ ಕರಗಿದ ಸಾರಜನಕ ಸಾವಕಾಶವಾಗಿ ಹೊರಬರಬೇಕು; ಸೋಡಾ ಬಾಟಲಿಯ ಬಿರಡೆ ಫಕ್ಕನೆ ತೆಗೆದ ಹಾಗೆ ಆಗಬಾರದು. ಒಂದು ಮುಳುಗಿಗೆ, ಅದೂ ಹತ್ತು ಮೀಟರಿಗೆ, ಇದು ಅತಿಯಾಯಿತೇನೋ. ಆದರೂ ಉಳಿದೆ. ಬಯಲುಸೀಮೆಯವರ ಊರಿನ ಎತ್ತರ ಯಾರಾದರೂ ಕೇಳಿದ್ದು ಅದೇ ಮೊದಲು.

ರಾತ್ರಿ ಮಾವನಿಗೆ ಫೋನ್ ಮಾಡಿದೆ.

“ಕಂಡಿತೇನೋ ಅಳಿಯಾ ನಿನ್ ಶಾರ್ಕು?”

“ಕಂಡಿತು ಮಾವ.”

“ಏನ್ ಮಾಡ್ತು?”

“ನೋಡ್ತು. ಹೋತು.”

“ಹ್ಞೂಂ” ಎಂದ. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಬೋರಿನ ನೀರು ಹಾಯಿಸಲು ಹೊಲದ ಬದುವಿನ ಮೇಲೆ ಹೊರಟಿದ್ದನೆಂದು ಕಾಣುತ್ತದೆ; ಅವನ ಹೆಜ್ಜೆಗೊಮ್ಮೆ ಬಡಿಗೆಯ ಗೆಜ್ಜೆ ಫೋನಿನಲ್ಲಿ ಘಲ್ ಎನ್ನುತ್ತಿತ್ತು.